ಚಿನಾರ್ ಕೆಂಪಾಗುವ ಕಾಲಕ್ಕೆ ಯಾವ ಟೆಲಿ ಲೆನ್ಸ್? 85, 135, 70-200, 300ರ ಹೋಲಿಕೆ

ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮಧ್ಯದವರೆಗೆ ಶ್ರೀನಗರದ ಚಿನಾರ್ ಮರಗಳು ಹಸಿರಿನಿಂದ ಹಳದಿಗೆ, ಹಳದಿಯಿಂದ ಇಟ್ಟಿಗೆಗೆಂಪಿಗೆ ತಿರುಗುತ್ತವೆ. ಆ ದಿನಗಳಿಗೆಂದೇ ಬೆಂಗಳೂರು, ಮಂಗಳೂರು ಕಡೆಯಿಂದ ಕ್ಯಾಮೆರಾ ಹೊತ್ತು ಹೊರಡುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: 135 ಮಿ.ಮೀ. ಎಫ್/1.8 ಒಯ್ಯುವುದೋ, 70-200 ಎಫ್/2.8 ಒಯ್ಯುವುದೋ? ಕೆಲವರು 85 ಸಾಕಲ್ಲವೇ ಎನ್ನುತ್ತಾರೆ. ಇನ್ನು ಕೆಲವರು 300 ಎಫ್/2.8 ಬಾಡಿಗೆಗೆ ತರುವ ಯೋಚನೆಯಲ್ಲಿರುತ್ತಾರೆ.

ಎಫ್ ಸಂಖ್ಯೆ (ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ರಂಧ್ರದ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು) ನೋಡಿ ಆರಿಸಿದರೆ ಇಲ್ಲಿ ದಾರಿ ತಪ್ಪುತ್ತದೆ. ಚೌಕಟ್ಟಿನೊಳಗೆ ಮರದ ಎಷ್ಟು ಅಗಲದ ಭಾಗ ಬರಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಒಂದು ಎಲೆಯೋ, ಒಂದು ಕೊಂಬೆಯೋ, ಇಡೀ ಮರವೋ? ಈ ಮೂರಕ್ಕೂ ಬೇಕಾದ ಲೆನ್ಸ್ ಬೇರೆ ಬೇರೆ. ದೊಡ್ಡ ಅಪರ್ಚರಿಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಮೊದಲ ಎರಡರಲ್ಲಿ ಮಾತ್ರ.

ಹಿನ್ನೆಲೆ ಎಷ್ಟು ಕರಗುತ್ತದೆ: ಒಂದು ಸುಲಭ ಲೆಕ್ಕ

ಫೋಕಲ್ ಲೆಂತ್ ಅನ್ನು, ಅಂದರೆ ಲೆನ್ಸಿನ ಹೆಸರಿನಲ್ಲಿರುವ 85, 135ರಂಥ ಮಿ.ಮೀ. ಅಂಕಿಯನ್ನು, ಎಫ್ ಸಂಖ್ಯೆಯಿಂದ ಭಾಗಿಸಿ. 135ನ್ನು 1.8ರಿಂದ ಭಾಗಿಸಿದರೆ 75 ಮಿ.ಮೀ. ಮುಂದಿನಿಂದ ನೋಡಿದಾಗ ಕಾಣುವ ಅಪರ್ಚರ್ ರಂಧ್ರದ ಅಗಲ ಇದು. ಬಹಳ ದೂರದ ಹಿನ್ನೆಲೆಯ ಒಂದು ಬೆಳಕಿನ ಚುಕ್ಕಿ, ನೀವು ಫೋಕಸ್ ಮಾಡಿದ ಎಲೆ ಇರುವ ಸಮತಲದಲ್ಲಿ ಅಳೆದರೆ, ಸರಿಯಾಗಿ ಇಷ್ಟೇ ಅಗಲಕ್ಕೆ ಹರಡುತ್ತದೆ. ಕ್ಯಾಮೆರಾ ಫುಲ್ ಫ್ರೇಮ್ (36 ಮಿ.ಮೀ. ಅಗಲದ ಸೆನ್ಸರ್) ಆಗಿರಲಿ, ಎಪಿಎಸ್-ಸಿ (ಅದಕ್ಕಿಂತ ಚಿಕ್ಕ ಸೆನ್ಸರ್) ಆಗಿರಲಿ, ಲೆಕ್ಕ ಬದಲಾಗದು. ಬೇರೆ ಬೇರೆ ಕಂಪನಿ, ಬೇರೆ ಬೇರೆ ಸೆನ್ಸರ್‌ಗಳ ಲೆನ್ಸ್‌ಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಇದಕ್ಕಿಂತ ನೇರವಾದ ಅಳತೆ ಇಲ್ಲ.

ಈಗ ಚೌಕಟ್ಟಿನ ಅಗಲ ಸೇರಿಸಿ ನೋಡಿ. ಅರ್ಧ ಮೀಟರ್ ಅಗಲದ ಚಿತ್ರದಲ್ಲಿ, ಅಂದರೆ ಮೂರು ನಾಲ್ಕು ಎಲೆಗಳ ಗೊಂಚಲಿನಲ್ಲಿ, 75 ಮಿ.ಮೀ. ಚುಕ್ಕಿ ಚಿತ್ರದ ಅಗಲದಲ್ಲಿ ಶೇ. 15ರಷ್ಟು ಹಿಡಿಯುತ್ತದೆ. ಹಿನ್ನೆಲೆ ಪೂರ್ತಿ ಬಣ್ಣದ ಹೊಗೆಯಾಗುತ್ತದೆ. ಮೂರು ಮೀಟರ್ ಅಗಲದ ಕೊಂಬೆಯಲ್ಲಿ ಅದು ಶೇ. 2.5: ಹಿನ್ನೆಲೆ ಮೃದುವಾಗುತ್ತದೆ, ಆದರೆ ಅಲ್ಲಿ ಏನಿದೆ ಎಂಬುದು ಗೊತ್ತಾಗುತ್ತದೆ. ಹದಿನೈದು ಮೀಟರ್ ಅಗಲದ ಇಡೀ ಮರದಲ್ಲಿ ಬರೀ ಶೇ. 0.5. ಆರು ಸಾವಿರ ಪಿಕ್ಸೆಲ್ ಅಗಲದ ಫೈಲಿನಲ್ಲಿ ಅದು 30 ಪಿಕ್ಸೆಲ್. ಅದೇ ಚಿತ್ರವನ್ನು 200 ಎಫ್/4ರಲ್ಲಿ ತೆಗೆದರೆ 20 ಪಿಕ್ಸೆಲ್. ಈ ಹತ್ತು ಪಿಕ್ಸೆಲ್ ವ್ಯತ್ಯಾಸಕ್ಕಾಗಿ ಒಂದು ಕಿಲೋ ಗಾಜು ಹೊರುವುದರಲ್ಲಿ ಅರ್ಥವಿಲ್ಲ.

ಫುಲ್ ಫ್ರೇಮ್ ಕ್ಯಾಮೆರಾ ಅಡ್ಡ ಹಿಡಿದು, ವಸ್ತು 10 ಮೀಟರ್ ದೂರದಲ್ಲಿದ್ದಾಗಿನ ಅಂಕಿಗಳು ಹೀಗಿವೆ (ಫೋಕಸ್‌ನ ಆಳ ಎಂದರೆ ಮುಂದೆ ಹಿಂದೆ ಚೂಪಾಗಿ ಕಾಣುವ ವ್ಯಾಪ್ತಿ):

| ಲೆನ್ಸ್ | ರಂಧ್ರದ ಅಗಲ | ಚೌಕಟ್ಟಿನ ಅಗಲ | ಫೋಕಸ್‌ನ ಆಳ |
|---|---|---|---|
| 85 ಎಫ್/1.8 | 47 ಮಿ.ಮೀ. | 4.2 ಮೀ. | ಸುಮಾರು 1.5 ಮೀ. |
| 135 ಎಫ್/1.8 | 75 ಮಿ.ಮೀ. | 2.7 ಮೀ. | 60 ಸೆಂ.ಮೀ. |
| 200 ಎಫ್/4 | 50 ಮಿ.ಮೀ. | 1.8 ಮೀ. | 60 ಸೆಂ.ಮೀ. |
| 200 ಎಫ್/2.8 | 71 ಮಿ.ಮೀ. | 1.8 ಮೀ. | 42 ಸೆಂ.ಮೀ. |
| 200 ಎಫ್/2 | 100 ಮಿ.ಮೀ. | 1.8 ಮೀ. | 30 ಸೆಂ.ಮೀ. |
| 300 ಎಫ್/2.8 | 107 ಮಿ.ಮೀ. | 1.2 ಮೀ. | 19 ಸೆಂ.ಮೀ. |

135 ಎಫ್/1.8 ಮತ್ತು 200 ಎಫ್/2.8ರ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 75 ಮತ್ತು 71, ಬಹುತೇಕ ಸಮ. ದೂರದ ಹಿನ್ನೆಲೆಯನ್ನು ಕರಗಿಸುವುದರಲ್ಲಿ 70-200 ಎಫ್/2.8ರ ತುತ್ತತುದಿ 135ಕ್ಕೆ ಸರಿಸಮನಾಗಿ ನಿಲ್ಲುತ್ತದೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಹಿನ್ನೆಲೆ ಹತ್ತಿರವಿದ್ದಾಗ. ತೋಪಿನೊಳಗೆ ಅದು ಯಾವಾಗಲೂ ಹತ್ತಿರವೇ ಇರುತ್ತದೆ.

80 ಸೆಂ.ಮೀ. ಅಗಲದ ಗೊಂಚಲನ್ನು 135ರಲ್ಲಿ ತುಂಬಿಸಲು 3 ಮೀಟರ್ ದೂರ ನಿಲ್ಲಬೇಕು, 200ರಲ್ಲಿ ಸುಮಾರು 4.4 ಮೀಟರ್. ಹಿಂದಿನ ಮರ ಗೊಂಚಲಿನಿಂದ 5 ಮೀಟರ್ ಆಚೆಗಿದೆ ಎಂದುಕೊಳ್ಳಿ. ರಂಧ್ರದ ಅಗಲವನ್ನು ಆ 5 ಮೀಟರಿನಿಂದ ಗುಣಿಸಿ, ಕ್ಯಾಮೆರಾದಿಂದ ಹಿನ್ನೆಲೆಯವರೆಗಿನ ಒಟ್ಟು ದೂರದಿಂದ ಭಾಗಿಸಿದರೆ 135ಕ್ಕೆ 47 ಮಿ.ಮೀ., 200ಕ್ಕೆ 38 ಮಿ.ಮೀ. ಬರುತ್ತದೆ. ಹತ್ತಿರ ನಿಂತ 135 ಇಲ್ಲಿ ಸ್ಪಷ್ಟವಾಗಿ ಮುಂದೆ. ಹಾಗಂತ 200 ಸೋತಿತು ಎನ್ನುವಂತಿಲ್ಲ. ಆ ಹಿಂದಿನ ಮರದ 2.1 ಮೀಟರ್ ಅಗಲ 135ರ ಚೌಕಟ್ಟಿಗೆ ಬಂದರೆ, 200ಕ್ಕೆ ಬರುವುದು 1.7 ಮೀಟರ್ ಮಾತ್ರ. ಎರಡು ಕಾಂಡಗಳ ನಡುವೆ ಒಂದೇ ಬಣ್ಣದ ಸಣ್ಣ ಜಾಗ ಹುಡುಕಿ, ಅದನ್ನಷ್ಟೇ ಎಲೆಯ ಹಿಂದೆ ಕೂರಿಸಲು 200 ಸುಲಭ. ಬಿಳಿ ಆಕಾಶದ ತೂತು, ಬಣ್ಣದ ಜಾಕೆಟ್ ತೊಟ್ಟ ಪ್ರವಾಸಿಗರು, ಕಬ್ಬಿಣದ ಬೆಂಚು ಇವನ್ನೆಲ್ಲ ಚೌಕಟ್ಟಿನಿಂದ ಹೊರಗಿಡುವ ಕೆಲಸ ಮಸುಕಿಗಿಂತ ಮುಖ್ಯವಾಗುವ ಸಂದರ್ಭಗಳು ಬಹಳ.

135 ಎಫ್/1.8: ಕೊಂಬೆ, ಗೊಂಚಲು, ಕಾಂಡ

ಒಂದೇ ಲೆನ್ಸ್ ಒಯ್ಯುವುದಾದರೆ, ಎಲೆ ಮತ್ತು ಕೊಂಬೆಯೇ ನಿಮ್ಮ ವಸ್ತುವಾಗಿದ್ದರೆ, 135ನ್ನೇ ಆರಿಸಿ. ಚಿನಾರ್ ಕೊಂಬೆಗಳು ವಿಶಾಲವಾಗಿ ಚಾಚಿ ಕೆಳಕ್ಕೆ ಬಾಗುತ್ತವೆ. ಆಳೆತ್ತರದಿಂದ ಸ್ವಲ್ಪ ಮೇಲಿರುವ ಗೊಂಚಲುಗಳು 3ರಿಂದ 6 ಮೀಟರ್ ದೂರದಲ್ಲಿ ಸಿಗುತ್ತವೆ. ಆ ದೂರಕ್ಕೆ ಈ ಫೋಕಲ್ ಲೆಂತ್ ಹೇಳಿ ಮಾಡಿಸಿದಂತಿದೆ.

ಸೋನಿಯ ಎಫ್‌ಇ 135 ಎಫ್/1.8 ಜಿಎಂ 950 ಗ್ರಾಂ ತೂಗುತ್ತದೆ, 0.7 ಮೀಟರಿನಷ್ಟು ಹತ್ತಿರ ಫೋಕಸ್ ಆಗುತ್ತದೆ, ಆಗ ವರ್ಧನೆ 0.25 (ಸೆನ್ಸರಿನ ಮೇಲೆ ಬೀಳುವ ಬಿಂಬ ವಸ್ತುವಿನ ಕಾಲುಭಾಗದಷ್ಟು). ಅಂದರೆ 14 ಸೆಂ.ಮೀ. ಅಗಲದ ಚೌಕಟ್ಟು, ಒಂದು ಚಿನಾರ್ ಎಲೆಯೇ ತುಂಬಿಕೊಳ್ಳುವಷ್ಟು. ಕ್ಯಾನನ್ನಿನ ಆರ್‌ಎಫ್ 135 ಎಫ್/1.8 ಎಲ್ 935 ಗ್ರಾಂ, 0.7 ಮೀಟರ್, ವರ್ಧನೆ 0.26; ಲೆನ್ಸಿನೊಳಗೇ ಸ್ಟೆಬಿಲೈಸೇಶನ್ (ಕೈನಡುಕ ತಡೆಯುವ ವ್ಯವಸ್ಥೆ) ಇದೆ. ನಿಕಾನ್ ಝಡ್ 135 ಎಫ್/1.8 ಎಸ್ ಪ್ಲೆನಾ 995 ಗ್ರಾಂ, ಹತ್ತಿರದ ಫೋಕಸ್ 0.82 ಮೀಟರ್. ಪ್ಲೆನಾದ ವಿಶೇಷ ಬೇರೆಯೇ: ಹಿನ್ನೆಲೆಯ ಬೆಳಕಿನ ಚುಕ್ಕಿಗಳು ಚಿತ್ರದ ಮೂಲೆಗಳಲ್ಲೂ ಹೆಚ್ಚುಕಡಿಮೆ ದುಂಡಗೇ ಉಳಿಯುವಂತೆ ಅದನ್ನು ರೂಪಿಸಿದ್ದಾರೆ. ಎಲೆಗಳ ಸಂದಿನಿಂದ ಸೂರ್ಯನ ಬೆಳಕು ತೂರಿಬರುವ ಚಿತ್ರಗಳಲ್ಲಿ ಇದು ಎದ್ದು ಕಾಣುತ್ತದೆ. ಮಾಮೂಲಿ ಲೆನ್ಸ್‌ಗಳಲ್ಲಿ ಎಫ್/1.8ರಲ್ಲಿ ಮೂಲೆಯ ಚುಕ್ಕಿಗಳು ಬಾದಾಮಿ ಆಕಾರಕ್ಕೆ ಚಪ್ಪಟೆಯಾಗಿ, ಇಡೀ ಹಿನ್ನೆಲೆ ನಡುವಿನ ಸುತ್ತ ಸುಳಿಯಂತೆ ತಿರುಗಿದ ಹಾಗೆ ಕಾಣುತ್ತದೆ. ಎಫ್/2.8ಕ್ಕೆ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ, ಆದರೆ ಆಗ ರಂಧ್ರ 48 ಮಿ.ಮೀ.ಗೆ ಕುಗ್ಗಿ 85 ಎಫ್/1.8ರ ಮಟ್ಟಕ್ಕೆ ಬರುತ್ತದೆ. ನಿಕಾನ್ ಇದ್ದವರು ಈ ಕೆಲಸಕ್ಕೆ ಪ್ಲೆನಾ ಬಿಟ್ಟು ಬೇರೆ ನೋಡಬೇಕಿಲ್ಲ.

ಈ ಮೂರಕ್ಕೂ ಫಿಲ್ಟರ್ ಅಳತೆ 82 ಮಿ.ಮೀ. ಒಳ್ಳೆಯ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಆ ಅಳತೆಯಲ್ಲಿ ಅಗ್ಗವಲ್ಲ. ಲೆನ್ಸಿನ ಬಜೆಟ್ಟಿನಲ್ಲೇ ಅದನ್ನೂ ಸೇರಿಸಿಕೊಳ್ಳಿ.

ಕಡಿಮೆ ಖರ್ಚಿನ ದಾರಿಗಳೂ ಇವೆ. ಸಿಗ್ಮಾ 135 ಎಫ್/1.8 ಆರ್ಟ್ 2017ರದ್ದು, 1.13 ಕಿಲೋ ಭಾರ, ಆದರೆ ಚಿತ್ರ ಇಂದಿಗೂ ಚೂಪು. ಸ್ಯಾಮ್ಯಾಂಗ್ ಎಎಫ್ 135 ಎಫ್/1.8, ಸೋನಿ ಮೌಂಟಿಗೆ, 772 ಗ್ರಾಂ ಮಾತ್ರ. ಅದೇ ಕಂಪನಿಯ ಹಳೆಯ ಮ್ಯಾನುಯಲ್ 135 ಎಫ್/2 ಸುಮಾರು 830 ಗ್ರಾಂ, ನಕ್ಷತ್ರಗಳ ಫೋಟೊ ತೆಗೆಯುವವರ ಅಚ್ಚುಮೆಚ್ಚಿನದು. ಮರ ಎಲ್ಲಿಗೂ ಓಡಿಹೋಗುವುದಿಲ್ಲವಾದ್ದರಿಂದ, ಗಾಳಿಯಿಲ್ಲದ ಬೆಳಗ್ಗೆ, ಟ್ರೈಪಾಡ್ ಮೇಲೆ, ಪರದೆಯನ್ನು ಹಿಗ್ಗಿಸಿ ಫೋಕಸ್ ಮಾಡಿದರೆ ಇದು ಕೊಡುವ ಚಿತ್ರ ಅದರ ಬೆಲೆಗೆ ಬಹಳ ಹೆಚ್ಚು. ಕ್ಯಾನನ್ ಇಎಫ್ 135 ಎಫ್/2 ಎಲ್ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ, 750 ಗ್ರಾಂ, ಅಡಾಪ್ಟರ್ ಹಾಕಿ ಕನ್ನಡಿಯಿಲ್ಲದ ಆರ್ ಸರಣಿಯ ಕ್ಯಾಮೆರಾಗಳಲ್ಲೂ ಬಳಸಬಹುದು. ಡಿಎಸ್‌ಎಲ್‌ಆರ್‌ನಲ್ಲೇ ಬಳಸುವವರು ಹೊರಡುವ ಮೊದಲು ಆಟೊಫೋಕಸ್ ಫೈನ್ ಟ್ಯೂನ್ (ಫೋಕಸ್ ಹಿಂದೆ ಮುಂದೆ ಬೀಳುವುದನ್ನು ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಸರಿಪಡಿಸುವುದು) ಮಾಡಿಕೊಳ್ಳಲೇಬೇಕು. 3 ಮೀಟರಿನಲ್ಲಿ ಎಫ್/1.8ರ ಫೋಕಸ್ ಆಳ ಬರೀ 5 ಸೆಂ.ಮೀ., ಅದರಲ್ಲಿ ಎರಡು ಮೂರು ಸೆಂಟಿಮೀಟರ್ ಹಿಂದೆ ಮುಂದೆ ಆದರೂ ಬೇಕಾದ ಎಲೆ ಮಸುಕು.

ಆ 5 ಸೆಂ.ಮೀ. ಇನ್ನೊಂದು ತೊಂದರೆಯನ್ನೂ ತರುತ್ತದೆ. ಚಿನಾರ್ ಎಲೆ ಅಂಗೈಗಿಂತ ದೊಡ್ಡದು, ಹಸ್ತದ ಹಾಗೆ ಹರಡಿ ಅಂಚುಗಳು ಮಡಚಿಕೊಂಡಿರುತ್ತವೆ. ಗೊಂಚಲಿನ ಆಳ ಮೂವತ್ತು ಸೆಂ.ಮೀ.ಗೂ ಮೀರಬಹುದು. ಎಫ್/1.8ರಲ್ಲಿ ಒಂದು ಎಲೆ, ಅದರಲ್ಲೂ ಅರ್ಧ, ಚೂಪಾಗಿ ಬಂದು ಉಳಿದದ್ದೆಲ್ಲ ಕೆಂಪು ಮುದ್ದೆಯಾಗುತ್ತದೆ. ಎಫ್/4ಕ್ಕೆ ಇಳಿಸಿದರೆ ಆಳ 12 ಸೆಂ.ಮೀ. ಆಗುತ್ತದೆ. ಹಿನ್ನೆಲೆ ಹತ್ತು ಮೀಟರಿಗಿಂತ ಆಚೆಗಿದ್ದರೆ ಆಗಲೂ ಮೃದುವಾಗಿಯೇ ಇರುತ್ತದೆ. ಎಫ್/1.8 ಮೀಸಲಿಡಬೇಕಾದದ್ದು ಎರಡು ಕಡೆಗೆ: ಹಿನ್ನೆಲೆ ಒಂದೆರಡು ಮೀಟರಿನಷ್ಟು ಹತ್ತಿರವಿದ್ದಾಗ, ಮತ್ತು ಒಂಟಿ ಎಲೆ ಕ್ಯಾಮೆರಾಕ್ಕೆ ಚಪ್ಪಟೆಯಾಗಿ ಮುಖ ಮಾಡಿ ನಿಂತಾಗ. 0.7 ಮೀಟರಿನ ತೀರಾ ಹತ್ತಿರದಲ್ಲಂತೂ ಎಫ್/1.8ಕ್ಕೆ ಸಿಗುವ ಆಳ 2 ಮಿ.ಮೀ. ಎಲೆಯ ನಡುನರಕ್ಕೆ ಫೋಕಸ್ ಮಾಡಿದರೆ ತುದಿಗಳು ಹೋದವು. ಅಲ್ಲಿ ಎಫ್/5.6 ಹಾಕಿ, ಸೆನ್ಸರ್ ಎಲೆಗೆ ಸಮಾನಾಂತರವಾಗಿರುವಂತೆ ಕ್ಯಾಮೆರಾ ತಿರುಗಿಸಿ.

70-200: ಸ್ಥಳ ನಿಮ್ಮ ಮಾತು ಕೇಳದಾಗ

ನಿಶಾತ್ ಬಾಗ್ ದಾಲ್ ಸರೋವರದ ಪೂರ್ವ ದಂಡೆಯಲ್ಲಿ, ಜಬರ್ವಾನ್ ಬೆಟ್ಟದ ಬುಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವ ತೋಟ. ಮೇಲಿನ ಹಂತದಲ್ಲಿ ನಿಂತರೆ ಕೆಳಹಂತದ ಮರಗಳ ನೆತ್ತಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಇದು ಬೇರೆಡೆ ಸುಲಭವಾಗಿ ಸಿಗದ ಕೋನ. ಆದರೆ ಕಟ್ಟೆಯ ಅಂಚಿನಲ್ಲಿ ನಿಂತ ಮೇಲೆ ಮುಂದೆ ಹೋಗುವಂತಿಲ್ಲ, ಹಿಂದೆ ಸರಿದರೆ ಕಟ್ಟೆ ಅಡ್ಡ ಬರುತ್ತದೆ. ಕಾಲಿನಿಂದ ಜೂಮ್ ಮಾಡಿ ಎನ್ನುವ ಉಪದೇಶ ಇಲ್ಲಿ ಕೆಲಸಕ್ಕೆ ಬಾರದು. ಶಿಕಾರಾದಿಂದ ಚಾರ್ ಚಿನಾರ್ ದ್ವೀಪವನ್ನು ತೆಗೆಯುವಾಗಲೂ ಅಷ್ಟೇ: ದೋಣಿ ಸಾಗುತ್ತಿರುತ್ತದೆ, ದೂರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಇಂಥಲ್ಲಿ ಜೂಮೇ ಸರಿ, ಶಟರ್ 1/1000ಕ್ಕಿಂತ ನಿಧಾನ ಬೇಡ.

ಎಫ್/2.8 ಜೂಮ್‌ಗಳಲ್ಲಿ ಸೋನಿ ಜಿಎಂ 2 ಟ್ರೈಪಾಡ್ ಕಾಲರ್ ಬಿಟ್ಟು 1,045 ಗ್ರಾಂ. ಕ್ಯಾನನ್ ಆರ್‌ಎಫ್ 70-200 ಎಫ್/2.8ರ ಮೊದಲ ಆವೃತ್ತಿ 1,070 ಗ್ರಾಂ, ಮುಚ್ಚಿದಾಗ ಚೀಲದಲ್ಲಿ ಹಿಡಿಸುವಷ್ಟು ಗಿಡ್ಡ. ಆದರೆ ಅದಕ್ಕೆ ಎಕ್ಸ್‌ಟೆಂಡರ್ (ಫೋಕಲ್ ಲೆಂತ್ ಹೆಚ್ಚಿಸುವ ಜೋಡಣೆ) ಕೂರುವುದಿಲ್ಲ. ನಿಕಾನ್ ಝಡ್‌ನದು ಕಾಲರ್ ಬಿಟ್ಟು 1,360 ಗ್ರಾಂ. ಟ್ಯಾಮ್ರಾನ್ 70-180 ಎಫ್/2.8ರ ಮೊದಲ ಆವೃತ್ತಿ ಬರೀ 810 ಗ್ರಾಂ, 67 ಮಿ.ಮೀ. ಫಿಲ್ಟರ್, ಅದರಲ್ಲಿ ಸ್ಟೆಬಿಲೈಸೇಶನ್ ಇಲ್ಲ, ತುಸು ಭಾರದ ಎರಡನೆಯದರಲ್ಲಿ ಇದೆ. ಬೆಟ್ಟ, ಸರೋವರ, ಮರ ಮೂರನ್ನೂ ಬೆನ್ನಿನ ಮೇಲೆ ಹೊತ್ತು ನಡೆಯುವವರಿಗೆ ಟ್ಯಾಮ್ರಾನ್ ಬಹಳ ಸಮಂಜಸ ಆಯ್ಕೆ.

ಎಫ್/4 ಜೂಮ್‌ಗಳನ್ನು ಜನ ಸಸಾರವಾಗಿ ನೋಡುತ್ತಾರೆ. ಅದು ಸರಿಯಲ್ಲ. ಸೋನಿಯ 70-200 ಎಫ್/4 ಮ್ಯಾಕ್ರೊ ಜಿ 2, 794 ಗ್ರಾಂ, ಇಡೀ ಜೂಮ್ ವ್ಯಾಪ್ತಿಯಲ್ಲಿ 0.5 ವರ್ಧನೆ ಕೊಡುತ್ತದೆ. ಅಂದರೆ 7 ಸೆಂ.ಮೀ. ಅಗಲದ ಚೌಕಟ್ಟು: ಎಲೆಯ ನರ, ಅಂಚಿನ ಕಂದು ಸುಟ್ಟ ಗೆರೆ, ಇಬ್ಬನಿ ಹನಿ ಎಲ್ಲ ತುಂಬಿಕೊಳ್ಳುತ್ತವೆ. ಅಷ್ಟು ಹತ್ತಿರದಲ್ಲಿ ಎಫ್/4ರ ಹಿನ್ನೆಲೆಯೂ ಪೂರ್ತಿ ಕರಗಿಹೋಗುತ್ತದೆ, ಏಕೆಂದರೆ ಚೌಕಟ್ಟು ಚಿಕ್ಕದು, ರಂಧ್ರ 50 ಮಿ.ಮೀ. ಕ್ಯಾನನ್ ಆರ್‌ಎಫ್ 70-200 ಎಫ್/4 695 ಗ್ರಾಂ, ವರ್ಧನೆ 0.28. ಎಲೆ ಮತ್ತು ಇಡೀ ಮರ ಎರಡೂ ಬೇಕು, ನಡುವಿನ ಕೊಂಬೆಯ ಚಿತ್ರಗಳು ಅಷ್ಟಾಗಿ ಬೇಡ ಎನ್ನುವವರಿಗೆ ಎಫ್/4 ಮ್ಯಾಕ್ರೊ ಜೂಮ್ 135ಕ್ಕಿಂತ ಹೆಚ್ಚು ಉಪಯೋಗಿ.

ಇಡೀ ಮರದ ವಿಷಯ ಬಂತು. ದೊಡ್ಡ ಚಿನಾರ್ 25 ಮೀಟರ್ ಎತ್ತರವಿದೆ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಉದ್ದಕ್ಕೆ ಹಿಡಿದು ಬುಡದಿಂದ ತುದಿಯವರೆಗೆ ಹಿಡಿಸಲು 70 ಮಿ.ಮೀ.ನಲ್ಲಿ 49 ಮೀಟರ್ ದೂರ ಬೇಕು, 85ರಲ್ಲಿ 59, 135ರಲ್ಲಿ 94, 200ರಲ್ಲಿ 139. ಅಷ್ಟು ದೂರದವರೆಗೆ ನಡುವೆ ಇನ್ನೊಂದು ಮರ ಇರಬಾರದು. ತೋಪುಗಳಲ್ಲಿ ಇದು ಆಗದ ಮಾತು. ಇನ್ನೊಂದು ಸಂಗತಿ: 94 ಮೀಟರಿನಿಂದ 135 ಎಫ್/1.8ರಲ್ಲಿ ತೆಗೆದರೂ 73ರಿಂದ 130 ಮೀಟರಿನವರೆಗೆ ಎಲ್ಲವೂ ಫೋಕಸ್‌ನಲ್ಲೇ ಇರುತ್ತದೆ. ಮರವನ್ನು ಹಿನ್ನೆಲೆಯಿಂದ ಬಿಡಿಸುವ ಕೆಲಸವನ್ನು ಅಪರ್ಚರ್ ಮಾಡಲಾರದು, ಬೆಳಕೇ ಮಾಡಬೇಕು. ಬಿಸಿಲು ಬಿದ್ದ ಮರ, ಅದರ ಹಿಂದೆ ನೆರಳಿನಲ್ಲಿರುವ ಬೆಟ್ಟ: ಇಂಥ ಜೋಡಿ ಸಿಕ್ಕರೆ ಎಫ್/8 ಇಟ್ಟು ತೆಗೆಯಿರಿ.

ಬಾಸ್ಟನ್, ನ್ಯೂಜೆರ್ಸಿ ಕಡೆಯ ಕನ್ನಡಿಗರಿಗೂ ಇದೇ ಮಾತು ಅನ್ವಯ. ನ್ಯೂ ಹ್ಯಾಂಪ್‌ಷೈರಿನ ಕ್ಯಾಂಕಮಾಗಸ್ ಹೆದ್ದಾರಿಯಂಥ ಕಡೆ ಅಕ್ಟೋಬರ್ ಮೊದಲಾರ್ಧದಲ್ಲಿ ಇಳಿಜಾರಿಗೆ ಇಳಿಜಾರೇ ಕೆಂಪಾಗಿರುತ್ತದೆ. ರಸ್ತೆ ಬದಿಯ ನಿಲುಗಡೆಯಿಂದ ಕಣಿವೆಯಾಚೆಯ ಮರಗಳನ್ನು ತೆಗೆಯಲು 70-200 ಎಫ್/4 ಅಥವಾ 100-400 ಸಾಕು, ವೇಗದ ಪ್ರೈಮಿಗೆ (ದೊಡ್ಡ ಅಪರ್ಚರಿನ, ಜೂಮ್ ಇಲ್ಲದ ಲೆನ್ಸಿಗೆ) ಅಲ್ಲಿ ಕೆಲಸವಿಲ್ಲ. ಶುಗರ್ ಮೇಪಲ್ ಎಲೆ ಚಿನಾರಿಗಿಂತ ಚಿಕ್ಕದಾದ್ದರಿಂದ ಹತ್ತಿರದ ಚಿತ್ರಗಳಿಗೆ 0.25ಕ್ಕಿಂತ ಹೆಚ್ಚಿನ ವರ್ಧನೆ ಇದ್ದರೆ ಒಳ್ಳೆಯದು.

85, 300 ಮತ್ತು ಎಪಿಎಸ್-ಸಿ

85 ಎಫ್/1.8ರ ಬಲ ಅದರ ತೂಕದಲ್ಲಿದೆ. ಸೋನಿಯದು 371 ಗ್ರಾಂ, ನಿಕಾನ್ ಝಡ್‌ನದು 470. ಮರದಡಿ ಮನೆಯವರನ್ನು ನಿಲ್ಲಿಸಿ ತೆಗೆಯುವ ಫೋಟೊಗಳೇ ಹೆಚ್ಚಾಗಿದ್ದರೆ ಇದೇ ಸಾಕು. ಎಲೆಗೆ ಮಾತ್ರ ಸಾಲದು: ಇವೆರಡೂ 0.8 ಮೀಟರಿಗಿಂತ ಹತ್ತಿರ ಹೋಗವು, ಚೌಕಟ್ಟು ಅಗಲವಾಗಿಯೇ ಉಳಿಯುತ್ತದೆ. ಕ್ಯಾನನ್ ಆರ್‌ಎಫ್ 85 ಎಫ್/2 ಮ್ಯಾಕ್ರೊ ಈ ಮಾತಿಗೆ ಹೊರತು. ಅದು 0.35 ಮೀಟರಿನವರೆಗೆ ಹೋಗಿ 0.5 ವರ್ಧನೆ ಕೊಡುತ್ತದೆ, ಅರ್ಧ ಕಿಲೋ ಅಷ್ಟೇ. ಫೋಕಸ್ ನಿಧಾನ, ಮರಕ್ಕೆ ಅದರಿಂದ ತೊಂದರೆಯಿಲ್ಲ.

200 ಎಫ್/2 ಮತ್ತು 300 ಎಫ್/2.8 ಕೊಡುವ ಹಿನ್ನೆಲೆಗೆ ಸಾಟಿಯಿಲ್ಲ ಎಂಬುದು ನಿಜ. ಮೂರು ಮೀಟರ್ ಅಗಲದ ಕೊಂಬೆಯನ್ನೂ ಅವು ಹಿನ್ನೆಲೆಯಿಂದ ಬಿಡಿಸಿ ತೋರಿಸುತ್ತವೆ. ಆದರೆ ಅದೇ ಕೊಂಬೆಗೆ 300ರಲ್ಲಿ 25 ಮೀಟರ್ ದೂರ ನಿಲ್ಲಬೇಕು, ನಡುವೆ ಎಷ್ಟು ರೆಂಬೆಗಳು ಅಡ್ಡ ಬರುತ್ತವೆ ನೋಡಿಕೊಳ್ಳಿ. ಹಳೆಯ ಕ್ಯಾನನ್ 200 ಎಫ್/2 ಎರಡೂವರೆ ಕಿಲೋ, ನಿಕಾನ್‌ನದು ಮೂರು ಕಿಲೋ ಸಮೀಪ. ಸೋನಿಯ ಹೊಸ 300 ಎಫ್/2.8 ಮಾತ್ರ 1,470 ಗ್ರಾಂ. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ, ಬಿಡಿ ಲಿಥಿಯಂ ಬ್ಯಾಟರಿಗಳನ್ನು ಆ ಕೈಚೀಲದಲ್ಲೇ ಒಯ್ಯಬೇಕು. ಹಕ್ಕಿಗಳಿಗಾಗಿ ಈ ಲೆನ್ಸ್ ಈಗಾಗಲೇ ಇದ್ದರೆ ಒಯ್ಯಿರಿ. ಚಿನಾರಿಗಾಗಿಯೇ ಬಾಡಿಗೆಗೆ ತರುವುದು ಬೇಡ.

ಫ್ಯೂಜಿ ಇರುವವರಿಗೆ ಎಕ್ಸ್‌ಎಫ್ 90 ಎಫ್/2: 540 ಗ್ರಾಂ, ರಂಧ್ರ 45 ಮಿ.ಮೀ. ಅದರ ಎಕ್ಸ್‌ಎಫ್ 50-140 ಎಫ್/2.8ರ ರಂಧ್ರ ತುತ್ತತುದಿಯಲ್ಲಿ 50 ಮಿ.ಮೀ., ಅಂದರೆ ಫುಲ್ ಫ್ರೇಮಿನ 70-200 ಎಫ್/4ರಷ್ಟೇ. ಇನ್ನೂ ಚಿಕ್ಕ ಸೆನ್ಸರಿನ ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ ಒಲಿಂಪಸ್ 75 ಎಫ್/1.8, 305 ಗ್ರಾಂ, 42 ಮಿ.ಮೀ. ಗೊಂಚಲುಗಳಿಗೆ ಇವೆಲ್ಲ ಧಾರಾಳ.

ಕೆಡುವುದು ಎಲ್ಲಿ

ಮಸುಕಾದರೂ ಕಣ್ಣಿಗೆ ಚುಚ್ಚುವ ಹಿನ್ನೆಲೆ ಮೊದಲ ತೊಂದರೆ. ಎಲೆ ಅರ್ಧ ಉದುರಿದ ಮೇಲೆ ಹಿಂದೆ ಉಳಿಯುವುದು ತೆಳು ರೆಂಬೆಗಳ ಜಾಲ. ಕೆಲವು ಲೆನ್ಸ್‌ಗಳಲ್ಲಿ ಮಸುಕಿನ ಚುಕ್ಕಿಯ ಅಂಚು ನಡುವಿಗಿಂತ ಪ್ರಕಾಶಮಾನವಾಗಿರುತ್ತದೆ. ಹಾಗಿದ್ದಾಗ ಒಂದೊಂದು ರೆಂಬೆಯೂ ಎರಡು ಗೆರೆಗಳಾಗಿ ಒಡೆದು ಕಾಣುತ್ತದೆ. ಅಪರ್ಚರ್ ಹಿಗ್ಗಿಸಿದರೆ ಇದು ಹೋಗುವುದಿಲ್ಲ. ಹಿನ್ನೆಲೆ ಇನ್ನೂ ದೂರವಾಗುವಂತೆ ಜಾಗ ಬದಲಿಸುವುದೇ ಉಪಾಯ: ಎರಡು ಹೆಜ್ಜೆ ಪಕ್ಕಕ್ಕೆ ಸರಿದರೂ ರೆಂಬೆ ಹೋಗಿ ಕಾಂಡದ ನೆರಳು ಹಿಂದೆ ಬರಬಹುದು. ಇಂಥ ಜಾಲವನ್ನೇ ಹೆಚ್ಚಾಗಿ ತೆಗೆಯುವ ಸೋನಿ ಬಳಕೆದಾರರು 100 ಎಫ್/2.8 ಎಸ್‌ಟಿಎಫ್ ನೋಡಬೇಕು. ಅದರೊಳಗಿನ ವಿಶೇಷ ಫಿಲ್ಟರ್ ಚುಕ್ಕಿಯ ಅಂಚನ್ನು ಮೆಲ್ಲಗೆ ಮಬ್ಬಾಗಿಸುತ್ತದೆ, ಹಿನ್ನೆಲೆ ನುಣುಪಾಗುತ್ತದೆ. ಬದಲಿಗೆ ಬೆಳಕು ಎಫ್/5.6ರಷ್ಟೇ ಸಿಗುತ್ತದೆ.

ಎರಡನೆಯದು ಬಣ್ಣದ ಅಂಚು. ಆಕಾಶಕ್ಕೆ ಎದುರಾಗಿ ನಿಂತ ಕಪ್ಪು ರೆಂಬೆಗೆ ಫೋಕಸ್‌ನ ಮುಂದೆ ನೇರಳೆ, ಹಿಂದೆ ಹಸಿರು ಅಂಚು ಮೂಡುತ್ತದೆ. ಹಳೆಯ ವೇಗದ 85 ಮತ್ತು 135ಗಳಲ್ಲಿ ಇದು ಹೆಚ್ಚು, ಹೊಸ 135 ಎಫ್/1.8ಗಳಲ್ಲಿ ಬಹಳ ಕಡಿಮೆ. ಕೆಂಪು ಎಲೆಯ ಸುತ್ತ ಹಸಿರು ಗೆರೆ ಕಂಪ್ಯೂಟರಿನಲ್ಲಿ ಪೂರ್ತಿ ಅಳಿಸಲು ಕಷ್ಟ. ಎಫ್/2.8ರಿಂದ 4ಕ್ಕೆ ಇಳಿಸಿ.

ಮೂರನೆಯದು ಶಟರ್. ಮಧ್ಯಾಹ್ನದ ಬಿಸಿಲಲ್ಲಿ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಫ್/1.8ಕ್ಕೆ ಬೇಕಾಗುವ ವೇಗ ಸುಮಾರು 1/8000. ಹಲವು ಹಗುರ ಬಾಡಿಗಳ ಮೆಕ್ಯಾನಿಕಲ್ ಶಟರ್ 1/4000ಕ್ಕೇ ನಿಲ್ಲುತ್ತದೆ, ಎಲೆಗಳು ಸುಟ್ಟು ಬಿಳಿಯಾಗುತ್ತವೆ. ಪೋಲರೈಸರ್ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ತಿನ್ನುವುದರಿಂದ ವೇಗ 1/3000ರ ಆಸುಪಾಸಿಗೆ ಇಳಿಯುತ್ತದೆ. ಇನ್ನೊಂದು ಸೂಕ್ಷ್ಮ: ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಶಟರ್ (ಸೆನ್ಸರ್ ಎಲೆಕ್ಟ್ರಾನಿಕ್ ಆಗಿ ಶುರುಮಾಡಿ, ಮೆಕ್ಯಾನಿಕಲ್ ಪರದೆ ಮುಗಿಸುವ ಬಗೆ) ಆನ್ ಇದ್ದು ವೇಗ 1/2000 ದಾಟಿದರೆ, ದೊಡ್ಡ ಅಪರ್ಚರಿನಲ್ಲಿ ಹಿನ್ನೆಲೆಯ ಚುಕ್ಕಿಗಳ ಒಂದು ಬದಿ ಕತ್ತರಿಸಿದಂತಾಗುತ್ತದೆ. ಲೆನ್ಸ್ ಕೆಟ್ಟಿದೆ ಎಂದು ಎಷ್ಟೋ ಜನ ಇದನ್ನು ತಪ್ಪಾಗಿ ತಿಳಿಯುತ್ತಾರೆ. ಪೂರ್ಣ ಮೆಕ್ಯಾನಿಕಲ್ ಅಥವಾ ಪೂರ್ಣ ಎಲೆಕ್ಟ್ರಾನಿಕ್ ಶಟರಿಗೆ ಬದಲಿಸಿ.

ಗಾಳಿಯ ಲೆಕ್ಕವನ್ನು ಸ್ಟೆಬಿಲೈಸೇಶನ್ ತೀರಿಸುವುದಿಲ್ಲ. 80 ಸೆಂ.ಮೀ. ಚೌಕಟ್ಟಿನಲ್ಲಿ ಸೆಕೆಂಡಿಗೆ 20 ಸೆಂ.ಮೀ. ತೂಗುವ ಎಲೆ 1/500ರಲ್ಲಿ 3 ಪಿಕ್ಸೆಲ್ ಜಾರುತ್ತದೆ, 1/1000ರಲ್ಲಿ ಒಂದೂವರೆ. ಮೆಲ್ಲಗಿನ ಗಾಳಿಗೂ 1/500 ಕನಿಷ್ಠ ಎಂದಿಟ್ಟುಕೊಳ್ಳಿ, ಐಎಸ್ಒ 800 ಆದರೂ ಅಂಜಬೇಡಿ. ಫೋಕಸಿಗೆ ಒಂದೇ ಚಿಕ್ಕ ಪಾಯಿಂಟ್ ಬಳಸಿ, ಸಬ್ಜೆಕ್ಟ್ ಡಿಟೆಕ್ಷನ್ ಆಫ್ ಮಾಡಿ. ಇಲ್ಲದಿದ್ದರೆ ಕ್ಯಾಮೆರಾ ಮುಂದಿನ ರೆಂಬೆಯನ್ನೋ ಹಿಂದಿನ ಕಾಗೆಯನ್ನೋ ಹಿಡಿಯುತ್ತದೆ.

ಬೆಳಕು, ಬಣ್ಣ, ಹೊತ್ತು

ನವೆಂಬರ್ ಮೊದಲ ವಾರ ಶ್ರೀನಗರದಲ್ಲಿ ಸೂರ್ಯ ನಡುಹಗಲಲ್ಲೂ 41 ಡಿಗ್ರಿಯಷ್ಟೇ ಮೇಲೇರುತ್ತಾನೆ. ಬೆಂಗಳೂರಿನಲ್ಲಿ ಅದೇ ದಿನ 62. ಹಾಗಾಗಿ ಓರೆ ಬೆಳಕು ದಿನವಿಡೀ ಸಿಗುತ್ತದೆ. ಸೂರ್ಯಾಸ್ತ ಐದೂ ಮುಕ್ಕಾಲಿನೊಳಗೆ. ಸೂರ್ಯೋದಯ ಏಳರ ಹತ್ತಿರವಾದರೂ ಪೂರ್ವಕ್ಕೆ ಜಬರ್ವಾನ್ ಅಡ್ಡ ಇರುವುದರಿಂದ ನಿಶಾತ್ ಮತ್ತು ಶಾಲಿಮಾರ್ ತೋಟಗಳಿಗೆ ಬಿಸಿಲು ತಡವಾಗಿ ಬರುತ್ತದೆ. ಬೆಳಗ್ಗೆ ಸರೋವರದ ಪಶ್ಚಿಮ ದಂಡೆಯ ನಸೀಮ್ ಬಾಗ್, ಸಂಜೆ ನಾಲ್ಕರ ನಂತರ ನಿಶಾತ್: ಈ ಕ್ರಮ ಒಳ್ಳೆಯದು. ಸಂಜೆ ನಿಶಾತ್‌ನ ಮೇಲಿನ ಹಂತದಿಂದ ಸರೋವರದ ಕಡೆ ನೋಡಿದರೆ ಎಲೆಗಳ ಬೆನ್ನಿಗೆ ಬೆಳಕು ಬಿದ್ದು, ಒಳಗಿನ ನರಗಳೆಲ್ಲ ಕಾಣುವಂತೆ ಅವು ಹೊಳೆಯುತ್ತವೆ. ಹುಡ್ ಹಾಕಿ, ಯುವಿ ಫಿಲ್ಟರ್ ತೆಗೆದಿಡಿ. ಎದುರು ಬೆಳಕಿಗೆ ಅದು ಪ್ರತಿಬಿಂಬ ಹುಟ್ಟಿಸುತ್ತದೆ.

ನಸೀಮ್ ಬಾಗ್ ಈಗ ಕಾಶ್ಮೀರ ವಿಶ್ವವಿದ್ಯಾಲಯದ ಆವರಣದಲ್ಲಿದೆ, ಮೊಘಲರ ಕಾಲದ ತೋಪು. ಸಿಪ್ಪೆ ಸುಲಿದು ಬೂದು, ಕೆನೆ ಬಣ್ಣದ ಮಚ್ಚೆಗಳಾದ ಕಾಂಡಗಳಿಗೆ 135ರಲ್ಲಿ 8ರಿಂದ 15 ಮೀಟರ್ ಸರಿಯಾದ ದೂರ. ಉದುರಿದ ಎಲೆಯ ಹಾಸಿನ ಮೇಲೆ ಕ್ಯಾಮೆರಾ ನೆಲಕ್ಕೆ ತಾಗುವಂತಿಟ್ಟು 5 ಮೀಟರ್ ಆಚೆಯ ಒಂದು ಎಲೆಗೆ ಎಫ್/1.8ರಲ್ಲಿ ಫೋಕಸ್ ಮಾಡಿದರೆ, 15 ಸೆಂ.ಮೀ.ನ ಒಂದು ಪಟ್ಟಿ ಮಾತ್ರ ಚೂಪಾಗಿದ್ದು ಮುಂದೆ ಹಿಂದೆ ಎರಡೂ ಕಡೆ ಕೆಂಪು ಕರಗುತ್ತದೆ. 135 ಎಫ್/1.8ರ ಅತ್ಯುತ್ತಮ ಬಳಕೆ ಇದೇ. 70-200ರಲ್ಲಿ ಇದನ್ನು ತೆಗೆಯಲು ಹಿಂದೆ ಸರಿದರೆ ಮಸುಕಿನ ಈ ಸಮೃದ್ಧಿ ಅಷ್ಟು ಬರದು.

ಪೋಲರೈಸರನ್ನು ಆಕಾಶ ನೀಲಿಯಾಗಿಸಲು ಅಲ್ಲ, ಎಲೆಯ ಮೇಣದ ಹೊಳಪು ತೆಗೆಯಲು ಬಳಸಿ. ಮೋಡದ ದಿನ, ಮಳೆ ನಿಂತ ಮೇಲೆ ಅದರ ಪರಿಣಾಮ ಅತಿ ಹೆಚ್ಚು. ಬಿಳಿ ಪೊರೆ ಹೋಗಿ ಒಳಗಿನ ಕೆಂಪು ಹೊರಬರುತ್ತದೆ. ಹಿಂಬೆಳಕಿನ ಎಲೆಗೆ ಅದು ಹೆಚ್ಚೇನೂ ಮಾಡದು, ತೆಗೆದುಬಿಡಿ. ಆಟೊ ವೈಟ್ ಬ್ಯಾಲೆನ್ಸ್ ಹಳದಿಯನ್ನು ತಪ್ಪೆಂದು ತಿಳಿದು ತಣ್ಣಗಾಗಿಸುತ್ತದೆ, 5,200ರಿಂದ 5,500 ಕೆಲ್ವಿನ್ನಿಗೆ ಕಟ್ಟಿಹಾಕಿ. ಹಿಸ್ಟೊಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡುವಾಗ ಕೆಂಪಿನ ಗೆರೆಯನ್ನು ಬೇರೆಯಾಗಿ ನೋಡಿ. ಒಟ್ಟು ಬೆಳಕು ಸರಿ ಇದ್ದರೂ ಕೆಂಪು ಚಾನೆಲ್ ಬಲಗೋಡೆಗೆ ಬಡಿದು ಎಲೆಯ ವಿವರವೆಲ್ಲ ಒಂದೇ ಬಣ್ಣದ ತೇಪೆಯಾಗಿರುತ್ತದೆ. 0.3ರಿಂದ 0.7 ಸ್ಟಾಪ್ ಇಳಿಸಿದರೆ ಉಳಿಯುತ್ತದೆ.

ಹೊರಡುವ ಮೊದಲು

ಲೆನ್ಸ್ ಕೊಳ್ಳುವುದಿರಲಿ, ಬಾಡಿಗೆಗೆ ತರುವುದಿರಲಿ, ಊರಿನಲ್ಲೇ ಒಮ್ಮೆ ಪರೀಕ್ಷಿಸಿ. ರಸ್ತೆ ಬದಿಯ ಕಾಡುಬಾದಾಮಿ ಮರದ ಎಲೆ ಚಿನಾರಿನಷ್ಟೇ ದೊಡ್ಡದು, ಉದುರುವ ಮುಂಚೆ ಕೆಂಪಾಗುತ್ತದೆ ಕೂಡ. 3 ಮೀಟರ್ ದೂರದಿಂದ, ಹಿಂದೆ ಆಕಾಶದ ತೂತುಗಳು ಬರುವಂತೆ ನಿಂತು, ಎಫ್/1.8, 2.8, 4ರಲ್ಲಿ ಒಂದೊಂದು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಪೂರ್ಣ ಗಾತ್ರಕ್ಕೆ ತೆರೆಯಿರಿ. ಮೂಲೆಯ ಚುಕ್ಕಿಗಳ ಆಕಾರ, ರೆಂಬೆ ಜೋಡಿಗೆರೆಯಾಗುತ್ತದೆಯೇ, ಅಂಚಿನಲ್ಲಿ ಹಸಿರು-ನೇರಳೆ ಇದೆಯೇ ಎಂಬುದನ್ನು ನೋಡಿ. ಆಮೇಲೆ ಫೋಕಸ್ ಮಾಡಿದ ಎಲೆಯೇ ಚೂಪಾಗಿದೆಯೋ, ಅದರ ಹಿಂದಿನದೋ ಎಂದೂ ನೋಡಿ. ಎಡ ಮತ್ತು ಬಲ ಅಂಚುಗಳಲ್ಲಿ ಒಂದು ಕಡೆ ಮಾತ್ರ ಮಸುಕಾಗಿದ್ದರೆ ಆ ಲೆನ್ಸಿನ ಒಳಗಿನ ಗಾಜು ಓರೆಯಾಗಿದೆ ಎಂದರ್ಥ. ಅದನ್ನು ವಾಪಸ್ ಕೊಟ್ಟು ಬೇರೆಯದನ್ನು ಕೇಳಿ.